ಎಷ್ಟು ಜಿಬಿ ಐತೆ?

ಆಟ ಆಡೋದಕ್ಕೆ ಗ್ರಾಫಿಕ್ಸ್ ಕಾರ್ಡ್ ಬೇಕು ಎಂದು ಕೇಳಿದ ಹುಡುಗ ಮದ್ದೂರು ತಾಲ್ಲೂಕಿನಲ್ಲಿ ಇನ್ನೂ ಹುಟ್ಟಿಲ್ಲ. ಎಲ್ಲರಿಗೂ ಅದು ಬೇಕಾಗಿರುವುದು ಓದುವುದಕ್ಕೆ.

‘ಯಾಕ್ಲಾ ಬೇಕು ಅದು?’

‘ಪ್ರಾಜೆಕ್ಟ್‌ಗೆ ಮಾವ. ಎಐ ಕಲೀಬೇಕು.’

ಎಐ ಎಂದದ್ದೇ ತಡ, ಹುಡುಗನ ಅಪ್ಪ, ಅಂದರೆ ನಮ್ಮ ಭಾವನವರ ಬೆನ್ನು ನೆಟ್ಟಗಾಯಿತು. ಕಬ್ಬಿನ ಬಾಕಿ ಇನ್ನೂ ಕೈಸೇರಿಲ್ಲ. ಬೋರ್‌ವೆಲ್ಲಿನ ಮೋಟರು ಸುಟ್ಟು ರಿವೈಂಡಿಂಗಿಗೆ ಹೋಗಿದೆ. ಆದರೂ ಮಗ ಎಐ ಕಲಿಯುತ್ತಾನೆಂದರೆ ಹೆತ್ತ ಅಪ್ಪ ಹಿಂದೆಮುಂದೆ ನೋಡಲಾದೀತೆ?

ಮಗನ ಮೊಬೈಲಿನ ವಾಲ್‌ಪೇಪರ್ ಜಿಟಿಎ ಆಟದ ಚಿತ್ರ. ಅವನ ಕಂಪ್ಯೂಟರಿನ ಪರದೆಯ ಮೇಲಿನ ಐಕಾನುಗಳಲ್ಲಿ ಓದಿಗೆ ಸಂಬಂಧಪಟ್ಟದ್ದು ಕ್ಯಾಲ್ಕುಲೇಟರ್ ಒಂದೇ. ಅಪ್ಪನಿಗೆ ಇದು ಕಾಣುತ್ತದೆ. ಕಂಡೂ ಕಾಣದಂತಿರುವುದೇ ಈಗಿನ ಪಿತೃಧರ್ಮ.

ಆಟ ಆಡಿದರೆ ತಪ್ಪೇನಿಲ್ಲ. ಎತ್ತಿನಗಾಡಿ ಓಟಕ್ಕೆ ಲಕ್ಷಗಟ್ಟಲೆ ಸುರಿಯುವ ಸೀಮೆ ನಮ್ಮದು. ಆದರೆ ‘ಆಟಕ್ಕೆ’ ಎಂದು ಬಾಯಿಬಿಟ್ಟರೆ ತಾನೆ ಯಾವ ಆಟ, ಯಾವ ಕಾರ್ಡು, ಎಷ್ಟು ದುಡ್ಡು ಎಂಬ ಲೆಕ್ಕ ನಡೆಯುವುದು? ಜಗಲಿಯಲ್ಲೇ ಸುಳ್ಳು ಹೇಳಿ ಹೊರಟವರು ಅಂಗಡಿಯಲ್ಲಿ ನಿಜ ಸಿಗಲಿಲ್ಲ ಎಂದು ಗೋಳಾಡುವಂತಿಲ್ಲ.

ಇನ್ನು ಯಂತ್ರದ ಜಾತಕ. 2014ರಲ್ಲಿ ಜೋಡಿಸಿದ ಡೆಸ್ಕ್‌ಟಾಪು. ಇಂಟೆಲ್ ಐ3, ನಾಲ್ಕನೇ ತಲೆಮಾರು. ಎಚ್81 ಬೋರ್ಡು. 4 ಜಿಬಿ ರ್‍ಯಾಮ್. ಗರಗರ ತಿರುಗುವ ಹಾರ್ಡ್ ಡಿಸ್ಕು. ಲಾಕ್‌ಡೌನಿನಲ್ಲಿ ಆನ್‌ಲೈನ್ ಕ್ಲಾಸಿಗೆಂದು ಸೆಕೆಂಡ್ ಹ್ಯಾಂಡಾಗಿ ಮನೆಗೆ ಬಂತು. ಕ್ಲಾಸು ಮೊಬೈಲಿನಲ್ಲಿ ನಡೆಯಿತು.

ಆನ್ ಮಾಡಿ ಸ್ನಾನ ಮುಗಿಸಿ ಬಂದರೂ ವಿಂಡೋಸ್ ಇನ್ನೂ ಸುತ್ತುತ್ತಲೇ ಇರುತ್ತದೆ. ಆ ವಿಂಡೋಸ್ 10ಕ್ಕೂ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಎಳ್ಳುನೀರು ಬಿಟ್ಟಿತು. 11 ಹಾಕೋಣವೆಂದರೆ, ಇಂಟೆಲ್‌ನಲ್ಲಿ ಎಂಟನೇ ತಲೆಮಾರಿಗಿಂತ ಹಳಬರಲ್ಲಿ ಬಹುತೇಕರಿಗೆ ಬಾಗಿಲು ಮುಚ್ಚಿದೆ. ಇಂಥ ಮುದಿ ಜೀವಕ್ಕೆ ಮನೆಮಂದಿಯೆಲ್ಲ ಸೇರಿ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸಲು ಹೊರಟಿದ್ದಾರೆ. ಸಲಹೆಗೆ ನನ್ನನ್ನು ಕರೆದರು. ಸಲಹೆಗೆ ಕರೆಯುವವರು ಅದಾಗಲೇ ತೀರ್ಮಾನ ಮಾಡಿರುತ್ತಾರೆ. ಬೇಕಾಗಿರುವುದು ಒಂದು ಸಾಕ್ಷಿ ರುಜು.

ಪೇಟೆ ಬೀದಿಯ ಅಂಗಡಿ. ಮೊಬೈಲ್ ಕವರು, ಆಧಾರ್ ಲ್ಯಾಮಿನೇಷನ್, ಸಿಸಿ ಕ್ಯಾಮೆರಾ, ನಡುವೆ ಒಂದಿಷ್ಟು ಕಂಪ್ಯೂಟರ್ ಸಾಮಾನು.

‘ಎಷ್ಟು ಜಿಬಿ ಐತೆ?’ ಭಾವನವರ ಮೊದಲ ಪ್ರಶ್ನೆ. ಕೊನೆಯದೂ ಅದೇ.

‘ನಾಕು ಜಿಬಿ ಅಣ್ಣ.’

‘ಅದ್ಕಿಂತ ದೊಡ್ಡದು ಇಲ್ವಾ?’

ಭಾವನವರು ಎಳನೀರು ಬೆಳೆಯುವವರು. ಮದ್ದೂರು ಎಪಿಎಂಸಿಯ ಎಳನೀರು ಮಾರುಕಟ್ಟೆಯಲ್ಲಿ ಕಾಯಿ ಕೈಗೆತ್ತಿಕೊಂಡರೆ ಸಾಕು, ನೀರೆಷ್ಟು, ಗಂಜಿ ಎಷ್ಟು ಎಂದು ಹೇಳುತ್ತಾರೆ. ಬುರುಡೆ ದಪ್ಪ ಇದ್ದ ಮಾತ್ರಕ್ಕೆ ನೀರು ಜಾಸ್ತಿ ಎಂದು ಅವರಿಗೆ ಯಾವ ದಲ್ಲಾಳಿಯೂ ನಂಬಿಸಲಾರ. ಆ ಜ್ಞಾನವೆಲ್ಲ ಕಂಪ್ಯೂಟರ್ ಅಂಗಡಿಯ ಮೆಟ್ಟಿಲ ಕೆಳಗೆ ಚಪ್ಪಲಿಯ ಜೊತೆ ಉಳಿಯಿತು.

ಜಿಬಿ ಎಂಬುದು ಕಾರ್ಡಿನ ಮೆಮೊರಿಯ ಅಳತೆ. ಲೆಕ್ಕ ಹಾಕಿ ಚಿತ್ರ ಬಿಡಿಸುವ ಚಿಪ್ಪಿನ ತಾಕತ್ತು ಬೇರೆ. ಆ ಚಿಪ್ಪಿಗೂ ಮೆಮೊರಿಗೂ ನಡುವಿನ ದಾರಿಯ ಅಗಲ ಇನ್ನೂ ಬೇರೆ. ಮೂರರಲ್ಲಿ ಅಗ್ಗಕ್ಕೆ ಹಿಗ್ಗಿಸಬಹುದಾದದ್ದು ಮೊದಲನೆಯದು. ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಅಚ್ಚಾಗುವುದೂ ಮೊದಲನೆಯದೇ. ನಾವು ಓದುವುದೂ ಅದನ್ನೊಂದೇ. ಕಂಪನಿಗೆ ಗಿರಾಕಿಯ ಗುಣ ಗೊತ್ತು.

ಅಂಗಡಿಯವನು ಧೂಳು ಕೊಡವಿ ಮುಂದಿಟ್ಟದ್ದು ಜಿಟಿ 730. ಎನ್ವಿಡಿಯಾದ 2014ರ ಮಾಲು. ಕಂಪ್ಯೂಟರಿಗೂ ಕಾರ್ಡಿಗೂ ಒಂದೇ ವಯಸ್ಸು, ಜೋಡಿ ಚೆನ್ನಾಗಿದೆ. ಈ ಒಂದು ಹೆಸರಿನಲ್ಲಿ ಮೂರು ಥರದ ಸರಕು ಮಾರಿದರು. ಒಂದರಲ್ಲಿ ಹಳೇ ಫರ್ಮಿ ಚಿಪ್ಪು, 96 ಕೋರು. ಇನ್ನೊಂದರಲ್ಲಿ ಕೆಪ್ಲರ್ ಚಿಪ್ಪು, 384 ಕೋರು, ಆದರೆ ಕುಂಟುವ ಡಿಡಿಆರ್3 ಮೆಮೊರಿ. ಮೂರನೆಯದರಲ್ಲಿ ಅದೇ ಕೆಪ್ಲರ್, ಓಡುವ ಜಿಡಿಡಿಆರ್5. ಫರ್ಮಿಗೆ ಹೊಸ ಡ್ರೈವರ್ ನಿಂತದ್ದು 2018ರಲ್ಲಿ. ಕೆಪ್ಲರಿಗೆ ನಿಂತದ್ದು 2021ರಲ್ಲಿ. ಅಂಗಡಿಯಲ್ಲಿ ಮಾತ್ರ ಇನ್ನೂ ‘ಹೊಸಾ ಪೀಸ್ ಅಣ್ಣ, ಸೀಲ್ ಒಡ್ದಿಲ್ಲ’.

‘ಗೇಮಿಂಗ್ ಆಗುತ್ತಾ?’ ಹುಡುಗ ಬಾಯಿತಪ್ಪಿ ಕೇಳಿದ.

‘ಎಲ್ಲಾ ಆಯ್ತದೆ.’

ಎಲ್ಲಾ ಆಗುತ್ತದೆ ಎನ್ನುವವನ ಹತ್ತಿರ ಯಾವುದೂ ಆಗುವುದಿಲ್ಲ. ಇದು ತಾಲ್ಲೂಕು ಕಚೇರಿಯಿಂದ ಹಿಡಿದು ಎಲ್ಲೆಡೆ ಸಾಬೀತಾದ ಸತ್ಯ.

ಅಂಗಡಿಯವನನ್ನಷ್ಟೇ ಬೈದರೆ ಅನ್ಯಾಯ. ಅವನು ಸಣ್ಣ ಮೀನು. ಜಿಟಿ 1030 ನೋಡಿ. 2017ರಲ್ಲಿ ಬಂತು, ಜಿಡಿಡಿಆರ್5 ಮೆಮೊರಿಯೊಂದಿಗೆ. ಸೆಕೆಂಡಿಗೆ 48 ಗಿಗಾಬೈಟ್ ಸಾಗಿಸುತ್ತಿತ್ತು. ಬಡವರ ಕಾರ್ಡು ಎಂದು ಹೆಸರಾಯಿತು. ಮರುವರ್ಷ ಅದೇ ಹೆಸರಿನಲ್ಲಿ ಇನ್ನೊಂದು ಬಂತು, ಡಿಡಿಆರ್4 ಮೆಮೊರಿ ಹಾಕಿ. ಇದು ಸಾಗಿಸುವುದು ಸೆಕೆಂಡಿಗೆ ಹದಿನೇಳು ಗಿಗಾಬೈಟಿಗೂ ಕಡಿಮೆ. ಮೂರರಲ್ಲಿ ಎರಡು ಪಾಲು ನುಂಗಿದರು. ಹೆಸರಿನಲ್ಲಿ ಒಂದಕ್ಷರ ಬದಲಿಸಲಿಲ್ಲ. ಎರಡೂ 2 ಜಿಬಿ. ‘ಎಷ್ಟು ಜಿಬಿ ಐತೆ’ ಎಂದು ಕೇಳಿದವನಿಗೆ ಎರಡೂ ಒಂದೇ.

ಹಾಲಿಗೆ ಈ ಪ್ರಮಾಣದಲ್ಲಿ ನೀರು ಬೆರೆಸಿದರೆ ಡೇರಿಯವರು ಕ್ಯಾನನ್ನೇ ವಾಪಸ್ ಕಳಿಸುತ್ತಾರೆ.

2014ರಲ್ಲಿ ಇದೇ ಕಂಪನಿ ಜಿಟಿಎಕ್ಸ್ 970 ಬಿಟ್ಟಿತು. 4 ಜಿಬಿ ಎಂದಿತು. ಓಡುವುದು ಮೂರೂವರೆ, ಉಳಿದ ಅರ್ಧ ತೆವಳುವುದು ಎಂದು ಬಳಸಿದವರು ಪತ್ತೆಹಚ್ಚಿದರು. ಅಮೆರಿಕದವರು ಕೋರ್ಟಿಗೆ ಎಳೆದರು. 2016ರಲ್ಲಿ ಅಲ್ಲಿ ಕೊಂಡವರಿಗೆ ಕಾರ್ಡಿಗೆ 30 ಡಾಲರ್ ಕೊಡುವುದೆಂದು ರಾಜಿಯಾಯಿತು. ನಮಗೆ ಏನೂ ಇಲ್ಲ. ನಾವು ಕೇಳಲೂ ಇಲ್ಲ. 2022ರಲ್ಲಿ ಆರ್‌ಟಿಎಕ್ಸ್ 4080 ಹೆಸರಿನಲ್ಲೂ ಎರಡು ಬೇರೆ ಬೇರೆ ಚಿಪ್ಪು ಮಾರಲು ಹೊರಟು, ಜನ ಉಗಿದ ಮೇಲೆ ಒಂದನ್ನು ಬಿಡುಗಡೆಗೆ ಮೊದಲೇ ಹಿಂದಕ್ಕೆ ತೆಗೆದುಕೊಂಡರು. ಅದೇ ಸರಕು ಜನವರಿಯಲ್ಲಿ 4070 ಟಿಐ ಎಂಬ ಹೊಸ ಅಂಗಿ ತೊಟ್ಟು ಬಂತು. ನಾಚಿಕೆ ಎಂಬುದು ಅಲ್ಲಿ ಒಂದು ಸಲಕ್ಕೆ ಮೂರು ತಿಂಗಳು ಬಾಳಿಕೆ ಬರುತ್ತದೆ.

ಎದುರಾಳಿ ಕಂಪನಿ ಸಾಚಾ ಎಂದುಕೊಂಡಿರಾ? ಎಎಂಡಿಯ ಕತೆ ಇನ್ನೂ ಸೊಗಸು. ಆಟಕ್ಕೆ 4 ಜಿಬಿ ಸಾಲದು ಎಂದು 2020ರಲ್ಲಿ ಅದು ತನ್ನದೇ ತಾಣದಲ್ಲಿ ಉದ್ದುದ್ದ ಬರೆಯಿತು. ಎದುರಾಳಿಯ 4 ಜಿಬಿ ಕಾರ್ಡನ್ನು ಹೀಗಳೆಯುವುದಕ್ಕೆ ಆ ಬರಹ ಬೇಕಿತ್ತು. 2022ರ ಜನವರಿಯಲ್ಲಿ ತಾನೇ 4 ಜಿಬಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಬಿಟ್ಟಿತು. ಸರಿಯಾಗಿ ಅದೇ ಹೊತ್ತಿಗೆ ಬರಹ ಮಾಯ. ಸುದ್ದಿಯಾಗಿ ಮಾನ ಹೋದ ಮೇಲೆ ಮತ್ತೆ ಪ್ರತ್ಯಕ್ಷ. ನಮ್ಮ ರಾಜಕಾರಣಿಗಳು ಪ್ರಣಾಳಿಕೆಯನ್ನಾದರೂ ಅಳಿಸುವುದಿಲ್ಲ, ಮರೆಯುತ್ತಾರೆ ಅಷ್ಟೆ.

ಆ ಕಾರ್ಡಿಗೆ ಇನ್ನೂ ಒಂದು ಗುಣವಿದೆ. ಉದ್ದದ ಸ್ಲಾಟಿನಲ್ಲಿ ಕೂರುತ್ತದೆ, ಆದರೆ ಬಳಸುವುದು ಹದಿನಾರು ದಾರಿಯಲ್ಲಿ ನಾಲ್ಕನ್ನು ಮಾತ್ರ. ಹೊಸ ಬೋರ್ಡಿನ ನಾಲ್ಕು ದಾರಿಯಲ್ಲಿ ಹೇಗೋ ಸಾಗುತ್ತದೆ. ಹಳೇ ಬೋರ್ಡಿನಲ್ಲಿ ಒಂದೊಂದು ದಾರಿಯೂ ಕಿರಿದು. ಎಚ್81ರಲ್ಲಿ ಇರುವುದು ಪಿಸಿಐಇ 2.0. ಅಂದರೆ ಯಾರ ಕಂಪ್ಯೂಟರ್ ಹಳೆಯದೋ, ಯಾರಿಗೆ ಅಗ್ಗದ ಕಾರ್ಡೇ ಗತಿಯೋ, ಅವರ ಮನೆಯಲ್ಲೇ ಈ ಅಗ್ಗದ ಕಾರ್ಡು ಹೆಚ್ಚು ಕುಂಟುತ್ತದೆ. ಬಡವನಿಗೆಂದೇ ತಯಾರಾಗಿ ಶ್ರೀಮಂತನ ಮನೆಯಲ್ಲಿ ಚೆನ್ನಾಗಿ ಕೆಲಸ ಮಾಡುವ ಯೋಜನೆ. ಇದನ್ನು ಸರ್ಕಾರವೇ ಮಾಡಬೇಕೆಂದೇನೂ ಇಲ್ಲ ನೋಡಿ.

ಹುಡುಗನಿಗೆ ಇದ್ಯಾವುದೂ ಬೇಡ. ಅವನ ಗುರುಗಳು ಯೂಟ್ಯೂಬಿನಲ್ಲಿದ್ದಾರೆ. ‘ಬೆಂಕಿ ಕಾರ್ಡ್ ಗುರೂ’ ಎಂದು ಕಿರುಚುವ ಆಸಾಮಿ ಆ ಬಜೆಟ್ ಕಾರ್ಡನ್ನು ಪರೀಕ್ಷಿಸುವುದು ಲಕ್ಷ ರೂಪಾಯಿಯ ಯಂತ್ರದಲ್ಲಿ. ಅದರಲ್ಲಿ ಕರೆಂಟು ಹಂಚುವ ಡಬ್ಬ, ಸಾವಿರ ವ್ಯಾಟಿನ ಎಸ್‌ಎಂಪಿಎಸ್. ಎಸಿ ರೂಮು. ವಿಡಿಯೋದ ನಡುವೆ ಎರಡು ನಿಮಿಷ ಪ್ರಾಯೋಜಕರ ಭಜನೆ. ‘ಪ್ರಾಮಾಣಿಕ ಅಭಿಪ್ರಾಯ’ ಎಂಬ ಮಾತು ಮೂರು ಸಲ. ಪ್ರಾಮಾಣಿಕತೆಯನ್ನು ಘೋಷಿಸಿಕೊಂಡವನ ಜೇಬನ್ನು ಮೊದಲು ನೋಡಬೇಕೆಂದು ಚುನಾವಣೆಗಳು ನಮಗೆ ಕಲಿಸಬೇಕಿತ್ತು. ಕಲಿಸಿಲ್ಲ.

ಅವನ ಕೃಪೆಯಿಂದ ಹುಡುಗ ಆರಿಸಿಟ್ಟಿದ್ದು ಆರ್‌ಎಕ್ಸ್ 580. ಸೆಕೆಂಡ್ ಹ್ಯಾಂಡ್. 8 ಜಿಬಿ! ಭಾವನವರ ಕಣ್ಣು ಹೊಳೆಯಿತು.

ಅದಕ್ಕೆ ಬೆಂಗಳೂರಿಗೆ ಹೋಗಬೇಕು. ಎಸ್‌ಪಿ ರೋಡಿಗೆ.

ಇಲ್ಲೊಂದು ಮಾತು ಹೇಳದೆ ಮುಂದೆ ಹೋಗಲಾರೆ. ಬೆಂಗಳೂರನ್ನು ಐಟಿ ನಗರ ಮಾಡಿದರು ಎಂದು ನಾವು ಫ್ಲೆಕ್ಸ್ ಹಾಕಿ ಹೆಮ್ಮೆಪಡುವ ಎಸ್.ಎಂ. ಕೃಷ್ಣ ನಮ್ಮ ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯವರು. 1999ರಿಂದ 2004ರವರೆಗೆ ಮುಖ್ಯಮಂತ್ರಿ. ಐಟಿಗೆ ಮುಖ್ಯಮಂತ್ರಿ ಕೊಟ್ಟ ತಾಲ್ಲೂಕಿಗೆ ಐಟಿ ಏನು ಕೊಟ್ಟಿತು? ಎಂಟು ಗಂಟೆಯ ರೈಲಿಗೆ ಬುತ್ತಿ ಹಿಡಿದು ಹೋಗುವ ಹುಡುಗರಿಗೆ ಸೆಕ್ಯುರಿಟಿ ಗಾರ್ಡ್ ಕೆಲಸ. 2023ರ ಮಾರ್ಚ್ 12ರಂದು ಪ್ರಧಾನಿ ಇಲ್ಲೇ ಗೆಜ್ಜಲಗೆರೆಗೆ ಬಂದು ಬೆಂಗಳೂರು-ಮೈಸೂರು ದಶಪಥ ಉದ್ಘಾಟಿಸಿದರು. ಅದು ಮದ್ದೂರನ್ನು ಬದಿಗೆ ಸರಿಸಿ ಮೇಲಿಂದ ಹಾರಿಹೋಯಿತು. ಒಂದು ಒಳ್ಳೆಯ ಎಸ್‌ಎಂಪಿಎಸ್ ಬೇಕೆಂದರೂ ಈಗಲೂ ಟೌನ್‌ಹಾಲ್ ಹಿಂದಿನ ಗಲ್ಲಿಗೇ ಗತಿ. ಬೇಗ ಹೋಗಿ ಬೇಗ ಮೋಸಹೋಗಿ ಬರಬಹುದು, ಅಷ್ಟರ ಮಟ್ಟಿಗೆ ಅಭಿವೃದ್ಧಿ.

ಎಸ್‌ಪಿ ರೋಡಿನಲ್ಲಿ ಸಾಮಾನು ಎಲ್ಲ ಸಿಗುತ್ತದೆ. ಅದರ ಇತಿಹಾಸ ಮಾತ್ರ ಸಿಗುವುದಿಲ್ಲ.

‘ಸಿಂಗಲ್ ಯೂಸರ್ ಸಾರ್. ಮನೇಲಿ ಸುಮ್ನೆ ಇಟ್ಟಿದ್ರು.’

ಎಂಟು ಜಿಬಿಯ 580 ಮನೆಯಲ್ಲಿ ಸುಮ್ಮನಿದ್ದ ಕಾಲವೇ ಇಲ್ಲ. ಕ್ರಿಪ್ಟೊ ನಾಣ್ಯ ಅಗೆಯುವವರಿಗೆ ಅದು ಅಚ್ಚುಮೆಚ್ಚಿನ ಗುದ್ದಲಿ. ಹಗಲೂ ರಾತ್ರಿ ದುಡಿಸಿದರು. ಆಗ ಅಂಗಡಿಗಳಲ್ಲಿ ಕಾರ್ಡೇ ಸಿಗುತ್ತಿರಲಿಲ್ಲ, ಸಿಕ್ಕರೆ ದುಪ್ಪಟ್ಟು. 2022ರ ಸೆಪ್ಟೆಂಬರ್ 15ರಂದು ಎಥೀರಿಯಮ್ ತನ್ನ ಪದ್ಧತಿ ಬದಲಿಸಿತು. ಕಾರ್ಡಿನಿಂದ ಅದನ್ನು ಅಗೆಯುವ ಕಸುಬು ಒಂದೇ ದಿನದಲ್ಲಿ ನಿಂತಿತು. ಗುದ್ದಲಿಗಳೆಲ್ಲ ಸಂತೆಗೆ ಬಂದವು. ಫ್ಯಾನು ಒರೆಸಿ, ಹೊಸ ಸ್ಟಿಕರ್ ಅಂಟಿಸಿ, ‘ಸಿಂಗಲ್ ಯೂಸರ್’ ಎಂದು ನಾಮಕರಣ ಮಾಡಿ ಸಾಲಾಗಿ ಕೂರಿಸಿದರು. ಸಿಂಗಲ್ ಯೂಸರ್ ಎಂಬುದು ಸುಳ್ಳಲ್ಲ. ಆ ಒಬ್ಬ ನಿದ್ದೆ ಮಾಡುತ್ತಿರಲಿಲ್ಲ.

ಇನ್ನೂ ಕೆಳಗಿನ ಹಂತವೂ ಇದೆ. 2010ರ ಜಿಟಿಎಸ್ 450 ಕಾರ್ಡಿನ ಬಯೋಸ್ ತಿದ್ದಿ, ‘ಜಿಟಿಎಕ್ಸ್ 1050 ಟಿಐ, 4 ಜಿಬಿ’ ಎಂದು ಅದರ ಬಾಯಲ್ಲೇ ಹೇಳಿಸುವ ಕಸುಬು ಜಗತ್ತಿನಾದ್ಯಂತ ನಡೆಯಿತು. ವಿಂಡೋಸ್ ಕೂಡ ನಂಬುತ್ತದೆ. ಇದನ್ನು ಹಿಡಿಯಲು ಜಿಪಿಯು-ಝಡ್ ಎಂಬ ಪುಕ್ಕಟೆ ತಂತ್ರಾಂಶವಿದೆ. ನಕಲಿಯಾದರೆ ನಕಲಿ ಎಂದು ಮುಖದ ಮೇಲೆ ಬರೆದು ತೋರಿಸುತ್ತದೆ. ಅಂಗಡಿಯಲ್ಲೇ ಹಾಕಿ ನೋಡು ಎಂದು ಹುಡುಗನಿಗೆ ಹೇಳಿದೆ. ‘ಅವ್ರು ಬೇಜಾರ್ ಮಾಡ್ಕತಾರೆ ಮಾವ’ ಎಂದ. ದುಡ್ಡು ಕಳೆದುಕೊಳ್ಳುವವನು ಸಂಕೋಚಪಡುತ್ತಾನೆ, ಕೀಳುವವನು ಬೇಜಾರು ಮಾಡಿಕೊಳ್ಳುತ್ತಾನೆ.

ಇರಲಿ. 580 ತರುವ ಮೊದಲು ಕ್ಯಾಬಿನೆಟ್ಟಿನ ಪಕ್ಕದ ತಗಡು ಬಿಚ್ಚಿಸಿದೆ.

ಒಳಗೆ ಹಲ್ಲಿಮೊಟ್ಟೆಯ ಸಿಪ್ಪೆ. ಫ್ಯಾನಿನ ರೆಕ್ಕೆಗಳ ಮೇಲೆ ಧೂಳು ಕಂಬಳಿಯಂತೆ ಮೆತ್ತಿಕೊಂಡಿದೆ. ಪ್ರೊಸೆಸರಿನ ಮೇಲೆ ಬಳಿದಿದ್ದ ಪೇಸ್ಟು ಒಣಗಿ ಸುಣ್ಣದ ಪುಡಿ. ಮೇಲ್ಗಡೆ ಮೂಲೆಯಲ್ಲಿ ಕ್ಯಾಬಿನೆಟ್ಟಿನ ಜೊತೆ ಪುಕ್ಕಟೆ ಬಂದ ಎಸ್‌ಎಂಪಿಎಸ್. ಅದರ ಮೇಲೆ ಕೆಂಪಕ್ಷರದಲ್ಲಿ 450 ವ್ಯಾಟ್.

ಕೆಂಪಕ್ಷರದ ಕೆಳಗೊಂದು ಪುಟ್ಟ ಕೋಷ್ಟಕ ಇರುತ್ತದೆ. ಯಾರೂ ಓದುವುದಿಲ್ಲ. ಟಾರ್ಚ್ ಬಿಟ್ಟು ಓದಿದೆ. +12 ವೋಲ್ಟ್ ಸಾಲಿನಲ್ಲಿ 12 ಆಂಪಿಯರ್. ಗುಣಿಸಿದರೆ 144 ವ್ಯಾಟ್. ಪ್ರೊಸೆಸರೂ ಗ್ರಾಫಿಕ್ಸ್ ಕಾರ್ಡೂ ಹೊಟ್ಟೆ ಹೊರೆಯುವುದು ಮುಖ್ಯವಾಗಿ ಈ ಸಾಲಿನಿಂದಲೇ. ಹಾಗಾದರೆ 450ರಲ್ಲಿ ಮಿಕ್ಕಿದ್ದು ಎಲ್ಲಿ? ಕೆಂಪು ಬಣ್ಣದಲ್ಲಿ.

ಈ ಇಡೀ ವ್ಯವಹಾರದಲ್ಲಿ ನಿಜ ನುಡಿದದ್ದು ಅದೊಂದೇ ಸಾಲು. ಅದನ್ನು ಓದಲು ಭೂತಗನ್ನಡಿ ಬೇಕು.

ಪ್ರೊಸೆಸರಿಗೆ 54 ವ್ಯಾಟ್. ಹಾರ್ಡ್ ಡಿಸ್ಕಿಗೆ, ಫ್ಯಾನಿಗೆ ಒಂದಿಷ್ಟು. ಉಳಿದದ್ದರಲ್ಲಿ 185 ವ್ಯಾಟಿನ ಆರ್‌ಎಕ್ಸ್ 580 ಸಾಕುತ್ತೇವೆ ಎಂದು ಅಪ್ಪ ಮಗ ಹೊರಟಿದ್ದಾರೆ. ‘ಕರೆಂಟಿನ ಪಿನ್ ಇಲ್ದಿದ್ರೆ ಕನ್ವರ್ಟರ್ ಕೇಬಲ್ ಕೊಡ್ತೀನಿ, ನೂರೈವತ್ತು’ ಎಂದಿದ್ದಾನಂತೆ ಅಂಗಡಿಯವನು. ಇಲ್ಲದ ಕರೆಂಟನ್ನು ನೂರೈವತ್ತು ರೂಪಾಯಿಯ ವೈರು ಹುಟ್ಟಿಸುತ್ತದೆ. ಹಾಗೆ ಹುಟ್ಟಿಸಬಹುದೆಂದು ಗೊತ್ತಿದ್ದರೆ ಶಿವನಸಮುದ್ರದಲ್ಲಿ ಅಷ್ಟು ಕಷ್ಟಪಡುತ್ತಲೇ ಇರಲಿಲ್ಲ.

ಶಿವನಸಮುದ್ರ ಎಂದಾಗ ನೆನಪಾಯಿತು. ನಮ್ಮ ಪಕ್ಕದ ಮಳವಳ್ಳಿ ತಾಲ್ಲೂಕಿನ ಬ್ಲಫ್‌ನಲ್ಲಿ 1902ರಲ್ಲೇ ಕರೆಂಟು ಹುಟ್ಟಿತು. ಹುಟ್ಟಿದ್ದೇ ತಡ, ಸುಮಾರು ನೂರೈವತ್ತು ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಓಡಿತು. ಆಮೇಲೆ ಬೆಂಗಳೂರಿನ ಬೀದಿದೀಪಕ್ಕೆ.  ನಮ್ಮಲ್ಲಿ ಇವತ್ತಿಗೂ ಬೇಸಿಗೆಯ ಸಂಜೆ ಪಂಪ್‌ಸೆಟ್ಟಿನ ಫೇಸು ಬಂದರೆ ಮನೆಯ ಬಲ್ಬು ಕೆಂಪಗಾಗುತ್ತದೆ. ವೋಲ್ಟೇಜು ಏರಿ ಇಳಿದು ಎಸ್‌ಎಂಪಿಎಸ್ ಸುಟ್ಟರೆ ವಾರಂಟಿಯವನು ‘ಕಸ್ಟಮರ್ ಡ್ಯಾಮೇಜ್’ ಎಂದು ಬರೆಯುತ್ತಾನೆ. ನೂರಿಪ್ಪತ್ತು ವರ್ಷದ ಹಿಂದೆ ಕರೆಂಟು ಹುಟ್ಟಿಸಿದ ಸೀಮೆಯವರು ನಾವು. ಡ್ಯಾಮೇಜ್ ನಮ್ಮದೇ ಇರಬೇಕು.

‘ಯುಪಿಎಸ್ ಇದ್ಯಲ್ಲ, 600ರದ್ದು’ ಎಂದರು ಭಾವ. ಅದು 600 ವಿಎ. ಹೊಸದರಲ್ಲಿ ಹೆಚ್ಚೆಂದರೆ 360 ವ್ಯಾಟ್. ಬ್ಯಾಟರಿ ಸತ್ತು ಎರಡು ಯುಗಾದಿ ಆಗಿದೆ. ಇಲ್ಲೂ ಕೇಳಿದ್ದು ದೊಡ್ಡ ನಂಬರನ್ನು ಮಾತ್ರ.

ಸರ್ಕಾರವೂ ಈ ಮೇಳದಲ್ಲಿ ಹಿಂದೆ ಬಿದ್ದಿಲ್ಲ. ಅನಿಮೇಷನ್, ವಿಎಫ್‌ಎಕ್ಸ್, ಗೇಮಿಂಗ್‌ಗೆ ದೇಶದಲ್ಲೇ ಮೊದಲು ನೀತಿ ಮಾಡಿದವರು ನಾವು ಎಂದು ಕರ್ನಾಟಕ 2012ರಿಂದ ಬೆನ್ನು ತಟ್ಟಿಕೊಳ್ಳುತ್ತಿದೆ. 2024ರಿಂದ 29ರವರೆಗೆ ಇನ್ನೊಂದು ನೀತಿ. ಅದೇ ಗೇಮಿಂಗಿಗೆ ಬೇಕಾದ ಕಾರ್ಡಿನ ಮೇಲೆ ಜಿಎಸ್‌ಟಿ 18 ಪರ್ಸೆಂಟ್. ಚಿನ್ನದ ಮೇಲೆ 3 ಪರ್ಸೆಂಟ್. ಕತ್ತಿನಲ್ಲಿ ಹಾಕಿಕೊಂಡು ಮದುವೆಗೆ ಹೋಗುವುದು ಅಗತ್ಯ. ಕಂಪ್ಯೂಟರಿನೊಳಗೆ ಹಾಕಿ ಕೆಲಸ ಕಲಿಯುವುದು ವಿಲಾಸ.

ದಿಲ್ಲಿಯವರು 2024ರ ಮಾರ್ಚಿನಲ್ಲಿ ಇಂಡಿಯಾ ಎಐ ಮಿಷನ್‌ಗೆ ಹತ್ತು ಸಾವಿರ ಕೋಟಿಗೂ ಮಿಗಿಲು ಮಂಜೂರು ಮಾಡಿದರು. 38 ಸಾವಿರಕ್ಕೂ ಹೆಚ್ಚು ಜಿಪಿಯು ಒಟ್ಟುಗೂಡಿಸಿ ಗಂಟೆಗೆ 65 ರೂಪಾಯಿಯಂತೆ ಕೊಡುತ್ತೇವೆ ಎಂದರು. ಸ್ಟಾರ್ಟಪ್‌ಗಳಿಗೆ, ಸಂಶೋಧಕರಿಗೆ. ಒಳ್ಳೆಯದೇ. ನಮ್ಮ ತಾಲ್ಲೂಕಿನ ಹುಡುಗನ ಕಾಲೇಜಿನ ಲ್ಯಾಬಿಗೆ ಮಾತ್ರ ಬೀಗ. ಕಾಲೇಜಿನ ತಪಾಸಣೆಗೆ ನ್ಯಾಕ್ ತಂಡ ಬರುವ ದಿನ ಅಟೆಂಡರ್ ಬೀಗ ತೆಗೆದು ಕಸ ಗುಡಿಸುತ್ತಾನೆ.

ಈ ಬಡಾಯಿಯ ನಡುವೆ ಕಂಪನಿಗಳು ನಮ್ಮ ಕೈಬಿಟ್ಟು ಬಹಳ ದಿನವಾಯಿತು. 2025ರ ಅಕ್ಟೋಬರಿನಲ್ಲಿ ಎನ್ವಿಡಿಯಾದ ಬೆಲೆ 5 ಲಕ್ಷ ಕೋಟಿ ಡಾಲರ್ ದಾಟಿತು. ಆಟ ಆಡುವ ಹುಡುಗರ ದುಡ್ಡಿನಲ್ಲಿ ಬೆಳೆದ ಕಂಪನಿ ಈಗ ಮಾರುವುದು ಬಹುಪಾಲು ಡೇಟಾ ಸೆಂಟರಿಗೆ. ಅದೇ ತಿಂಗಳು 1030, 1050 ಟಿಐ ತಲೆಮಾರಿಗೆ ಹೊಸ ಆಟಗಳ ಡ್ರೈವರ್ ನಿಲ್ಲಿಸಿತು. 2028ರ ಅಕ್ಟೋಬರ್‌ವರೆಗೆ ಭದ್ರತೆಯ ತೇಪೆ ಮಾತ್ರ. ಡಿಸೆಂಬರಿನಲ್ಲಿ ಮೈಕ್ರಾನ್ ಕಂಪನಿ ಸಾಮಾನ್ಯರಿಗೆ ರ್‍ಯಾಮ್ ಮಾರುತ್ತಿದ್ದ ಕ್ರೂಷಿಯಲ್ ಬ್ರ್ಯಾಂಡನ್ನೇ ಮುಚ್ಚುತ್ತೇನೆಂದಿತು. ಮೆಮೊರಿಯೆಲ್ಲ ಎಐ ಗೋದಾಮಿಗೆ ಬೇಕಂತೆ. ಹುಡುಗ ಹೇಳಿದ್ದು ಒಂದು ಲೆಕ್ಕದಲ್ಲಿ ನಿಜ. ಎಐಗಾಗಿಯೇ ಅವನಿಗೆ ಕಾರ್ಡು ದುಬಾರಿ.

ಮದ್ದೂರಿನಲ್ಲಿ ಗ್ರಾಫಿಕ್ಸ್ ಕಾರ್ಡನ್ನು ತಲೆ ಓಡಿಸಿ ಕೊಂಡವನು ಒಬ್ಬನಿದ್ದಾನೆ. ಮದುವೆ ವಿಡಿಯೋ ಮಾಡುವ ಸ್ಟುಡಿಯೋದವನು. ಅವನು ಎಷ್ಟು ಜಿಬಿ ಎಂದು ಕೇಳಲಿಲ್ಲ. ಮೂರು ಗಂಟೆಯ ಮದುವೆ ಎಕ್ಸ್‌ಪೋರ್ಟ್ ಆಗಲು ಎಷ್ಟು ಹೊತ್ತು ಎಂದು ಕೇಳಿದ. ಅದಕ್ಕೇ ಆರ್‌ಎಕ್ಸ್ 6400, 6500 ಎಕ್ಸ್‌ಟಿ ತೋರಿಸಿದವರಿಗೆ ಕೈಮುಗಿದು ಎದ್ದುಬಂದ. ವಿಡಿಯೋ ಹೆಣೆಯುವ ಎನ್ಕೋಡರನ್ನೇ ಆ ಎರಡರಿಂದ ಎಎಂಡಿ ಕಿತ್ತುಹಾಕಿದೆ. ಅದು ಡಬ್ಬದ ಮೇಲೆ ಇರುವುದಿಲ್ಲ. ಇಲ್ಲದ್ದನ್ನು ಯಾರೂ ಅಚ್ಚು ಹಾಕಿಸುವುದಿಲ್ಲ. ಸ್ಟುಡಿಯೋದವನು ಎಸ್ಸೆಸ್ಸೆಲ್ಸಿ. ಎಂಟೆಕ್ ಮಾಡಿದ ನೆಂಟರು ನನಗೆ ಫೋನ್ ಮಾಡಿ ‘ಆರ್‌ಜಿಬಿ ಲೈಟ್ ಬರುತ್ತಾ?’ ಎಂದು ಕೇಳುತ್ತಾರೆ.

ಕೊನೆಗೆ ಭಾವನವರನ್ನು ಕೂರಿಸಿಕೊಂಡು ಲೆಕ್ಕ ಒಪ್ಪಿಸಿದೆ. ನಿಜಕ್ಕೂ ಓದುವುದಕ್ಕೇ ಆದರೆ ಕಾರ್ಡೇ ಬೇಡ. ಹಾರ್ಡ್ ಡಿಸ್ಕು ತೆಗೆದು ಎಸ್‌ಎಸ್‌ಡಿ ಹಾಕಿ. ಇನ್ನೊಂದು 4 ಜಿಬಿ ಹಳೇ ಡಿಡಿಆರ್3 ರ್‍ಯಾಮ್ ಚುಚ್ಚಿ. ಲಿನಕ್ಸ್ ಹಾಕಿದರೆ ವಿಂಡೋಸಿನ ಗೊಡವೆಯೂ ಇಲ್ಲ. ಎಐ ಕಲಿಯಲು ಗೂಗಲ್ ಕೊಲ್ಯಾಬ್‌ನಲ್ಲಿ ಪುಕ್ಕಟೆಯಾಗಿ ಜಿಪಿಯು ಸಿಗುತ್ತದೆ, ಇವನ ಮೊದಲ ಪಾಠಗಳಿಗೆ ಧಾರಾಳ.

ಹುಡುಗನ ಮುಖ ಸಪ್ಪಗಾಯಿತು. ಓದುವ ಆಸೆ ಅಷ್ಟು ಬೇಗ ಕಮರಿದ್ದನ್ನು ನಾನು ಕಂಡಿಲ್ಲ.

ಆಟಕ್ಕಾದರೆ ಬೇರೆ ಲೆಕ್ಕ. ಬೇರೆ ಪಿನ್ನು ಬೇಡದ, ಸ್ಲಾಟಿನಿಂದ 75 ವ್ಯಾಟಿನೊಳಗೆ ಉಂಡು ಬದುಕುವ ಕಾರ್ಡು ಮಾತ್ರ. ಪಿನ್ ಇಲ್ಲದ ಮಾದರಿಯ ಜಿಟಿಎಕ್ಸ್ 1650. ಕಾಸು ಹೆಚ್ಚಿದ್ದರೆ 2024ರಲ್ಲಿ ಬಂದ ಆರ್‌ಟಿಎಕ್ಸ್ 3050ರ 6 ಜಿಬಿ. ಇದೂ ಹೆಸರು ಕದ್ದದ್ದೇ. 2022ರ 8 ಜಿಬಿಯ 3050ಕ್ಕಿಂತ ಕೋರು ಕಡಿಮೆ, ದಾರಿ ಕಿರಿದು. ಆದರೆ 70 ವ್ಯಾಟು ಸಾಕು. ಇಂಥ ಮನೆಗಳಿಗೆ ಅಪರೂಪಕ್ಕೆ ಒಗ್ಗುವ ಸುಳ್ಳು. ಯಾವುದೇ ಆಗಲಿ, ಮೊದಲು ಮೂರು ಸಾವಿರ ಕೊಟ್ಟು ಒಳ್ಳೆಯ ಎಸ್‌ಎಂಪಿಎಸ್ ಹಾಕಿಸಿ ಎಂದೆ.

‘ಅದು ಕಾಣಕಿಲ್ವಲ್ಲಪ್ಪ’ ಎಂದರು ಭಾವ.

ಕಾಣದ್ದಕ್ಕೆ ಮೂರು ಸಾವಿರ ಕೊಡಲು ಅವರೇನು ದಡ್ಡರೆ? ಕಾಣುವುದಕ್ಕೆ ಕೊಟ್ಟರು. ಪಕ್ಕದಲ್ಲಿ ಗಾಜಿರುವ ಕ್ಯಾಬಿನೆಟ್ಟು, ಏಳು ಬಣ್ಣದಲ್ಲಿ ಮಿನುಗುವ ಫ್ಯಾನು. ಹಳೇ ಎಸ್‌ಎಂಪಿಎಸ್ಸನ್ನೇ ಒರೆಸಿ ಒಳಗೆ ಕೂರಿಸಿದರು. 580ರ ಆಸೆ ಬಿಟ್ಟದ್ದೇ ನನ್ನ ಪುಣ್ಯ. ಪೇಟೆ ಬೀದಿಯಲ್ಲೇ 1650 ಕುದುರಿತು. ಹದಿನಾಲ್ಕು ಸಾವಿರ.

‘ಬಿಲ್ ಬೇಕಾ ಅಣ್ಣ? ಬಿಲ್ ಆದ್ರೆ ಎರಡೂವರೆ ಸಾವ್ರ ಮೇಲಾಯ್ತದೆ.’

ಭಾವನವರು ದಿನಾ ಬೆಳಿಗ್ಗೆ ಟೀ ಅಂಗಡಿಯಲ್ಲಿ ಪೇಪರು ಹರವಿಕೊಂಡು ದೇಶ ಲೂಟಿಯಾಯಿತು, ತೆರಿಗೆ ಕಳ್ಳರು ಹೆಚ್ಚಾದರು ಎಂದು ಮರುಗುವವರು. ಒಂದು ಕ್ಷಣವೂ ತಡವರಿಸಲಿಲ್ಲ.

‘ಬಿಲ್ ಬ್ಯಾಡ ಬುಡಪ್ಪ.’

ಮೂರು ತಿಂಗಳಿಗೆ ಪರದೆಯ ತುಂಬ ಗೆರೆ ಬಂತು. ಕಾರ್ಡಿನ ಕಂಪನಿಯ ವಾರಂಟಿ ಮೂರು ವರ್ಷ ಇದೆ. ಆದರೆ ಅವರು ಬಿಲ್ ಕೇಳುತ್ತಾರೆ. ಅಂಗಡಿಯವನು ಟೆಸ್ಟಿಂಗ್ ವಾರಂಟಿ ಒಂದು ವಾರ ಅಷ್ಟೇ ಅಂದಿದ್ನಲ್ಲಣ್ಣ ಎನ್ನುತ್ತಾನೆ. ಕ್ಯಾಬಿನೆಟ್ಟಿನ ದೀಪಗಳು ಚೆನ್ನಾಗಿಯೇ ಉರಿಯುತ್ತಿವೆ. ಭಾವನವರು ಟೀ ಅಂಗಡಿಯಲ್ಲಿ ಕೂತು, ಈ ದೇಶದಲ್ಲಿ ಗ್ರಾಹಕರಿಗೆ ಕಾನೂನೇ ಇಲ್ಲ ಎಂದು ಸರ್ಕಾರವನ್ನು ಬೈಯುತ್ತಿದ್ದಾರೆ. ಗ್ರಾಹಕರ ವೇದಿಕೆಗೆ ಅರ್ಜಿ ಬರೆದುಕೊಡು ಎಂದು ನನಗೆ ಎರಡು ಸಲ ಫೋನು ಬಂದಿದೆ. ಲಗತ್ತಿಸುವುದಕ್ಕೆ ಏನಿದೆ ಎಂದು ಕೇಳಿದೆ. ಡಬ್ಬ ಇದೆಯಂತೆ.